ಓದು ಬಂದವರಿಗೆ ಮಾತ್ರ ಓಟು

ಸರಗೂರು
16 ಜೂನ್ 2024, ಭಾನುವಾರ

ಶಂಕರ,

ಕ್ಷೇಮಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಜಗಳ.

ಫೋನ್ ಮಾಡಬಹುದಿತ್ತು. ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ "ಅಕ್ಕ, ಅದು ಹಾಗಲ್ಲ" ಅಂತ ಬಾಯಿ ಹಾಕುತ್ತೀಯ. ನನಗೆ ರೇಗುತ್ತದೆ. ನಿಮ್ಮ ಭಾವ ಅಂಗಡಿಯಿಂದಲೇ "ಯಾರ ಮೇಲೆ ಕೂಗಾಡ್ತಿದೀಯ" ಅಂತ ಕೇಳುತ್ತಾರೆ. ಕಾಗದದಲ್ಲಿ ನೀನು ಬಾಯಿ ಹಾಕಲಾರೆ. ನೀನೂ ಕಾಗದದಲ್ಲೇ ಉತ್ತರ ಬರಿ, ನಾನೂ ಸುಮ್ಮನೆ ಪೂರ್ತಿ ಓದುತ್ತೇನೆ.

ನಿನ್ನ ಲೇಖನ ಮಂಗಳವಾರದ ಪತ್ರಿಕೆಯಲ್ಲಿ ಬಂತು. ಹೆಸರಿನ ಕೆಳಗೆ ಅರ್ಥಶಾಸ್ತ್ರಜ್ಞ ಅಂತ ಹಾಕಿದ್ದಾರೆ. ಫೋಟೋದಲ್ಲಿ ತಲೆ ತುಂಬ ಕೂದಲಿದೆ, ಹತ್ತು ವರ್ಷದ ಹಿಂದಿನದು ಕೊಟ್ಟಿದ್ದೀಯ. ನಮ್ಮ ಪ್ರಜಾಪ್ರಭುತ್ವ ಕಣ್ಣಿಗೆ ಕಾಣುವುದನ್ನು ಮಾತ್ರ ಕಟ್ಟುತ್ತದೆ ಅಂದಿದ್ದೀಯ. ಶಾಲೆಗೆ ಕಮಾನು ಕಟ್ಟಿಸಿದರೆ ಓಟು ಬೀಳುತ್ತದೆ, ಮಗು ಓದಲು ಕಲಿತರೆ ಬೀಳುವುದಿಲ್ಲ, ಆದ್ದರಿಂದ ಎಲ್ಲ ಕಡೆ ಕಮಾನು ಇದೆ, ಓದು ಇಲ್ಲ. ಸರಿ, ಇದನ್ನು ಒಪ್ಪಿದೆ. ನಮ್ಮ ಶಾಲೆಗೂ ಕಮಾನು ಇದೆ, ಅದರ ಮೇಲೆ ಕಟ್ಟಿಸಿಕೊಟ್ಟವರ ಹೆಸರು ಶಾಲೆಯ ಹೆಸರಿಗಿಂತ ದಪ್ಪ. ಆಮೇಲೆ ಬರೆದಿದ್ದೀಯಲ್ಲ, ಓದು ಬರದ ತಂದೆತಾಯಿಗೆ ಶಾಲೆ ಒಳ್ಳೆಯದೋ ಕೆಟ್ಟದ್ದೋ ಅಂತ ತಿಳಿಯುವ ದಾರಿಯೇ ಇಲ್ಲ, ಹಾಗಾಗಿ ಶಾಲಾ ಸಮಿತಿಯ ಚುನಾವಣೆಯಲ್ಲಾದರೂ ಒಂದು ಪುಟ ಓದಿ ತೋರಿಸಿದವರಿಗೆ ಮಾತ್ರ ಓಟು ಕೊಟ್ಟು ನೋಡಬಾರದೇಕೆ ಅಂತ. ಅಲ್ಲಿಗೆ ನಾನು ಪತ್ರಿಕೆ ಮಡಿಸಿ ಕೆಳಗಿಟ್ಟೆ.

ಅಲ್ಲವೋ, ಪುಣೆಯಲ್ಲಿ ಕೂತವನು ಪುಣೆಯವರಿಗೆ ಬರಿ. ಕನ್ನಡದಲ್ಲಿ ಬರೆದರೆ ತೊರೆಹುಂಡಿಯವರು ಓದುತ್ತಾರೆ ಅಂತ ಹೊಳೆಯಲಿಲ್ಲವೇ? ಅದು ನಮ್ಮೂರು; ನೀನೂ ನಾನೂ ಓದಿದ, ಈಗ ನಾನೇ ಮುಖ್ಯ ಶಿಕ್ಷಕಿಯಾಗಿರುವ ಶಾಲೆ ಇರುವುದು ಅಲ್ಲೇ. ಹಾಲಿನ ಡೈರಿಯ ಸೆಕ್ರೆಟರಿ ನಟರಾಜು ನಿನ್ನ ಲೇಖನವನ್ನು ಲ್ಯಾಮಿನೇಷನ್ ಮಾಡಿಸಿ, ಡೈರಿಯ ಗೋಡೆಗೆ, ಹಾಲಿನ ದರದ ಬೋರ್ಡಿನ ಪಕ್ಕಕ್ಕೇ ಹೊಡೆದಿದ್ದಾನೆ. ಹಾಲು ಹಾಕಲು ಬಂದವರಿಗೆಲ್ಲ, "ನಮ್ಮೂರ್ ಪ್ರೊಪೆಸರು ಬರ್ದವ್ರೆ, ನೋಡ್ಕಳಿ" ಅನ್ನುತ್ತಾನೆ.

ನನಗೆ ಭಯ ಯಾಕೆ ಅಂತ ಕೇಳು. ಮುಂದಿನ ತಿಂಗಳು 27ಕ್ಕೆ ನಮ್ಮ ಶಾಲಾ ಸಮಿತಿಯ ಚುನಾವಣೆ. ನಿನಗೆ ಗೊತ್ತಲ್ಲ ನಮ್ಮೂರಿನ ಪದ್ಧತಿ, ಚುನಾವಣೆಯ ದಿನ ಚುನಾವಣೆ ನಡೆಯುವುದಿಲ್ಲ. ಹಿಂದಿನ ವಾರವೇ ಡೈರಿ ಮುಂದೆ ಕೂತು ಹೆಸರು ಬರೆದು ಮುಗಿಸಿರುತ್ತಾರೆ, ಆ ದಿನ ಪಟ್ಟಿ ಓದಿ ಕೈ ಎತ್ತಿಸಿ "ಅವಿರೋಧ" ಅಂತ ಚಪ್ಪಾಳೆ ತಟ್ಟುತ್ತಾರೆ. ಈ ಸಲದ ಸಮಿತಿಯ ಮುಂದೆ ಒಂದು ಕಾಗದ ಬರುತ್ತದೆ. ನಮ್ಮ ಶಾಲೆಯ ಅರವತ್ತೊಂದು ಮಕ್ಕಳನ್ನು ದೂರದ ದೊಡ್ಡ ಸರ್ಕಾರಿ ಶಾಲೆಗೆ ಸೇರಿಸಿ ಇಲ್ಲಿಗೆ ಬೀಗ ಹಾಕಲು ಒಪ್ಪಿಗೆಯೇ ಅಂತ. ಒಪ್ಪಿದರೆ ಬರುವ ಜೂನ್‌ಗೆ ತೊರೆಹುಂಡಿಯಲ್ಲಿ ಶಾಲೆ ಇಲ್ಲ.

ಅದಕ್ಕೇ ಹೇಳುತ್ತೇನೆ, ಪತ್ರಿಕೆಗೆ ನಾಲ್ಕು ಸಾಲು ಬರಿ. ಅದು ಬರೀ ವಾದ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಬರಿ.

ನಾವು ಚೆನ್ನಾಗಿದ್ದೇವೆ. ಮಳೆ ಹಿಡಿದಿದೆ.

ನಿನ್ನ ಅಕ್ಕ,
ಮಂಗಳ


ಪುಣೆ
24 ಜೂನ್ 2024

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ. ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದೇನೆ, ನಾನು ಬರೆದದ್ದನ್ನು ಯಾರೂ ಗೋಡೆಗೆ ಹೊಡೆದಿರಲಿಲ್ಲ. ನನ್ನ ವಿದ್ಯಾರ್ಥಿಗಳೇ ಪರೀಕ್ಷೆಗೆ ಬೇಕಾದಷ್ಟು ಓದಿ ಬಿಸಾಕುತ್ತಾರೆ. ನಟರಾಜುವಿಗೆ ನನ್ನ ನಮಸ್ಕಾರ ಹೇಳು.

ವಾಪಸ್ ಮಾತ್ರ ತೆಗೆದುಕೊಳ್ಳುವುದಿಲ್ಲ. ಹೋಟೆಲಿನ ಸಾರು ಹಳಸಿದ್ದರೆ ನಾಲಿಗೆಗೆ ಆ ಕ್ಷಣವೇ ಗೊತ್ತಾಗುತ್ತದೆ, ಮಾರನೇ ದಿನ ಪಕ್ಕದ ಹೋಟೆಲಿಗೆ ಹೋಗುತ್ತೇವೆ. ಶಾಲೆ ಹಳಸಿದ್ದರೆ ಗೊತ್ತಾಗಲು ಹದಿನೈದು ವರ್ಷ ಬೇಕು. ಅಷ್ಟರಲ್ಲಿ ಮಗು ದೊಡ್ಡದಾಗಿ, ಕೂಲಿಗೆ ಸೇರಿ, ತನ್ನ ಮಗುವನ್ನು ಅದೇ ಶಾಲೆಗೆ ಕರೆದುಕೊಂಡು ಬಂದಿರುತ್ತದೆ. ಹೀಗಿರುವಾಗ ಆ ತಂದೆತಾಯಿಯ ಓಟಿಗೆ ಅರ್ಥವೇನು? ಟೈ ನೋಡಿ, ಬೂಟು ನೋಡಿ, ಹಳದಿ ವ್ಯಾನು ನೋಡಿ ಕೊಡುವ ಓಟು ಅದು. ಎಲ್ಲರಿಗೂ ಓಟು ಕೊಟ್ಟೆವು, ಎಲ್ಲರಿಗೂ ಓದು ಕೊಡಲಿಲ್ಲ. ಎರಡರಲ್ಲಿ ಯಾವುದು ಮೊದಲು ಆಗಬೇಕಿತ್ತು ಅಂತ ಕೇಳಿದರೆ ತಪ್ಪೇ? ಎಪ್ಪತ್ತೈದು ವರ್ಷದಿಂದ ಕೇಳಬಾರದು ಅಂತ ಸುಮ್ಮನಿದ್ದೇವೆ.

ನೀನು ಹೆದರುವಷ್ಟು ಏನೂ ಆಗುವುದಿಲ್ಲ. ಲೇಖನ ಓದಿ ಊರು ನಡೆಯುವುದಾದರೆ ನಮ್ಮ ದೇಶ ಎಲ್ಲೋ ಇರುತ್ತಿತ್ತು. ಇನ್ನು ಶಾಲೆ ಸೇರಿಸುವ ವಿಷಯ. ತರಗತಿಗೊಬ್ಬ ಮೇಷ್ಟರಿರುವ ದೊಡ್ಡ ಶಾಲೆ, ಮೂವರೇ ಮೇಷ್ಟರಿರುವ ನಿನ್ನ ಶಾಲೆಗಿಂತ ಮಕ್ಕಳಿಗೆ ಒಳ್ಳೆಯದೇ ಇರಬಹುದು. ಸಿಟ್ಟಾಗಬೇಡ, ಲೆಕ್ಕ ಹಾಕಿ ನೋಡು.

ಫೋಟೋ ಎಂಟು ವರ್ಷದ ಹಿಂದಿನದು, ಹತ್ತಲ್ಲ.

ನಿನ್ನ,
ಶಂಕರ


ಸರಗೂರು
7 ಜುಲೈ 2024, ಭಾನುವಾರ

ಶಂಕರ,

ಏನೂ ಆಗುವುದಿಲ್ಲ ಅಂದೆಯಲ್ಲ. ಆಗಿದೆ ಕಣೋ. ನೀನು ಬರೆದದ್ದು ಬರೆದ ಹಾಗೇ ತೊರೆಹುಂಡಿಯಲ್ಲಿ ಜಾರಿಯಾಗಿದೆ.

ಮಂಗಳವಾರ ಸಂಜೆ ನಟರಾಜು ಡೈರಿಯಲ್ಲಿ ಟೇಬಲ್ ಹಾಕಿಕೊಂಡು ಕೂತ. ಶಾಲೆಗೆ ಮಕ್ಕಳನ್ನು ಕಳಿಸುವ ನಲವತ್ನಾಲ್ಕು ಮನೆಯ ಪಟ್ಟಿ ಪಕ್ಕದಲ್ಲಿ. ನಿನ್ನ ಲೇಖನವನ್ನು ಗೋಡೆಯಿಂದ ಇಳಿಸಿ, ಹಾಲು ಹಾಕಿದವರ ಮುಂದೆಲ್ಲ ಹಿಡಿದು, "ಒಂದ್ ನಾಕ್ ಸಾಲು ಓದಣ್ಣ" ಅಂದ. ಓದಿದವರ ಹೆಸರಿನ ಮುಂದೆ ರೈಟ್ ಹಾಕಿದ. ಓದದವರ ಮುಂದೆ ಇಂಟು. ಎರಡು ಸಂಜೆಯಲ್ಲಿ ಊರು ಇಬ್ಭಾಗವಾಯಿತು. ನಾನು ಹೋಗಿ, "ಇದೇನಪ್ಪ, ನಿಯಮದಲ್ಲಿ ಇಲ್ಲದ್ದು" ಅಂದರೆ, "ನಿಮ್ ತಮ್ಮನೇ ಅಲ್ವಾ ಮೇಡಮ್ಮೋರೆ ಏಳಿರೋದು? ಹೊರಗ್‌ನೋರು ಏಳುದ್ರೆ ಕೇಳ್ತೀವಿ, ನಮ್ಮೂರೋರು ಏಳುದ್ರೆ ಬುಡ್ತೀವಾ?" ಅಂತ ನನ್ನನ್ನೇ ಕೇಳಿದ. ಅವನ ಮುಖದಲ್ಲಿ ಕುಯುಕ್ತಿ ಇರಲಿಲ್ಲ, ಬರೀ ಹೆಮ್ಮೆ ಇತ್ತು. ಕುಯುಕ್ತಿ ಇದ್ದಿದ್ದರೆ ನಾಲ್ಕು ಮಾತು ಬೈದು ಬರುತ್ತಿದ್ದೆ.

ನಿನ್ನ ಕನ್ನಡದ ಯೋಗ್ಯತೆಯೂ ಹೊರಬಿತ್ತು. ಎರಡನೇ ಪ್ಯಾರಾದ ಆ ಉದ್ದನೆಯ ಸಾಲಿಗೆ ಹೋದವರು ಯಾರೂ ಕಳಚಿಕೊಳ್ಳಲಿಲ್ಲ. ನಂಜಣ್ಣ ಬೆವರು ಒರೆಸಿಕೊಂಡು, "ಓದ್ದೆ ಕಣಪ್ಪ, ಏನಂತ ಮಾತ್ರ ಕೇಳ್‌ಬ್ಯಾಡ" ಅಂದನಂತೆ. ಅವನಿಗೂ ಪಾಸು.

ಸಾಕಮ್ಮ ಗೊತ್ತಿಲ್ಲ ನಿನಗೆ. ನೀನು ಊರು ಬಿಟ್ಟ ಮೇಲೆ ಮದುವೆಯಾಗಿ ಬಂದವಳು. ಕೇರಳದವರು ಗುತ್ತಿಗೆ ಹಿಡಿದಿರುವ ಶುಂಠಿ ಹೊಲದಲ್ಲಿ ಕಳೆ ಕೀಳುತ್ತಾಳೆ, ಮನೆಯಲ್ಲೊಂದು ಹಸು, ಮಗಳು ಚಿನ್ನು ನಮ್ಮಲ್ಲಿ ಐದನೇ ತರಗತಿ. ಅವಳ ಮುಂದೆಯೂ ಹಿಡಿದಿದ್ದಾನೆ. "ನಂಗ್ ಓದು ಬರಲ್ಲ ಅಂತ ನಿಂಗ್ ಗೊತ್ತು. ಗೊತ್ತಿದ್ದೂ ಯಾಕಣ್ಣ ಇಡೀತೀಯ?" ಅಂದಳಂತೆ. "ಎಲ್ರುಗೂ ಒಂದೇ ರೂಲ್ಸು ಕಣಕ್ಕ" ಅಂದನಂತೆ. ಮಾರನೇ ದಿನ ಕೆಲಸ ಮುಗಿಸಿ, ಕಾಲಿನ ಕೆಸರೂ ತೊಳೆಯದೆ ಶಾಲೆಗೆ ಬಂದು ನನ್ನ ಬಾಗಿಲಲ್ಲಿ ನಿಂತಳು.

"ಮೇಡಮ್ಮೋರೆ, ನಾನು ಪೇಲಂತೆ. ಇಸ್ಕೂಲ್ಗೇ ಓಗ್ದೇ ಇರೋಳು ಪೇಲಾಗೋದು ಎಂಗೆ?"

ಒಳಗೆ ಕರೆದು ಕೂರಿಸಿದೆ ಶಂಕರ. ನೀನಿದ್ದಿದ್ದರೆ ಏನು ಹೇಳುತ್ತಿದ್ದೆ?

ಈಗ ಲೆಕ್ಕ ಕೇಳು, ಲೆಕ್ಕ ನಿನಗೆ ಇಷ್ಟ. ಪಾಸಾದವರು ಹತ್ತೊಂಬತ್ತು, ಫೇಲಾದವರು ಇಪ್ಪತ್ತೈದು. ಪಾಸಾದ ಹತ್ತೊಂಬತ್ತರಲ್ಲಿ ಹನ್ನೊಂದು ಮನೆಯವರು ಆಗಲೇ ಒಂದು ಮಗುವನ್ನು ಖಾಸಗಿ ಶಾಲೆಯ ಹಳದಿ ವ್ಯಾನಿಗೆ ಹತ್ತಿಸುತ್ತಿದ್ದಾರೆ. ನಮ್ಮ ಶಾಲೆ ಮುಚ್ಚಿದರೆ ಅವರಿಗೆ ನಷ್ಟವಿಲ್ಲ. ದೊಡ್ಡ ಶಾಲೆ, ಅದರದ್ದೇ ವ್ಯಾನು, ಒಂದನೇ ತರಗತಿಯಿಂದ ಇಂಗ್ಲಿಷು, ಸಂತೋಷವೇ. ಫೇಲಾದವರ ಪೈಕಿ ಬಹುತೇಕ ಎಲ್ಲರೂ ಬೆಳಿಗ್ಗೆ ಏಳಕ್ಕೆ ಕೂಲಿ ಜೀಪು ಹತ್ತುವವರು. ದೊಡ್ಡ ಶಾಲೆಯ ವ್ಯಾನು ಬರುವುದು ತೊರೆಯಾಚೆಯ ಟಾರು ರಸ್ತೆಗೆ, ಎಂಟೂವರೆಗೆ. ಆರು ವರ್ಷದ ಮಗುವನ್ನು ಅಲ್ಲಿಗೆ ಯಾರು ನಡೆಸಿಕೊಂಡು ಹೋಗುತ್ತಾರೆ? ವ್ಯಾನು ತಪ್ಪಿದರೆ ಆ ದಿನ ಓದೂ ಇಲ್ಲ, ಬಿಸಿಯೂಟವೂ ಇಲ್ಲ. ನಮ್ಮ ಶಾಲೆ ಯಾರಿಗೆ ಬೇಕೋ ಅವರಿಗೆಲ್ಲ ಓಟಿಲ್ಲ, ಯಾರಿಗೆ ಬೇಡವೋ ಅವರಿಗೆಲ್ಲ ಇದೆ. ಅಧ್ಯಕ್ಷ ನಟರಾಜು ಅಂತ ಹೆಸರೂ ಬರೆದಾಯಿತು.

ಮೂವತ್ತೊಂದು ವರ್ಷದ ಸರ್ವೀಸು ನನ್ನದು. ಮುಂದಿನ ವರ್ಷ ನಿವೃತ್ತಿ. ಬೀಗ ಹಾಕಿ ಕೀಲಿಕೈ ಕೊಟ್ಟು ಬಂದವಳು ಅನ್ನಿಸಿಕೊಳ್ಳಲು ನನಗಾಗುವುದಿಲ್ಲ. 27ಕ್ಕೆ ಬಾ. ನೀನೇ ಬಂದು ನಿನ್ನ ಬಾಯಿಂದ ಹೇಳು.

ನಿನ್ನ ಅಕ್ಕ,
ಮಂಗಳ


ಪುಣೆ
13 ಜುಲೈ 2024

ಅಕ್ಕ,

ಇದು ಅದ್ಭುತ. ಇಂಥದ್ದೊಂದು ಪ್ರಯೋಗ ಮಾಡುತ್ತೇನೆಂದರೆ ಯಾವ ಸಂಸ್ಥೆಯೂ ನನಗೆ ಅನುಮತಿ ಕೊಡುತ್ತಿರಲಿಲ್ಲ. ನಮ್ಮೂರಿನವರು ತಾವಾಗಿ ಮಾಡಿಬಿಟ್ಟಿದ್ದಾರೆ. ನಟರಾಜುವಿನ ಪಟ್ಟಿಯ ಒಂದು ಜೆರಾಕ್ಸ್ ಕಳಿಸಲು ಸಾಧ್ಯವೇ? ಯಾರು ಪಾಸು, ಯಾರು ಫೇಲು, ಯಾವ ಮನೆಗೆ ಎಷ್ಟು ಜಮೀನು, ಎಷ್ಟು ಮಕ್ಕಳು ವ್ಯಾನು ಹತ್ತುತ್ತಾರೆ, ಎಲ್ಲ ಬೇಕು. ನನ್ನ ಸಹೋದ್ಯೋಗಿಗಳಿಗೆ ಹೇಳಿದರೆ ನಂಬುತ್ತಿಲ್ಲ. ನಾನು ನಿನ್ನೆಯಿಂದ ಕೂತಲ್ಲಿ ಕೂರುತ್ತಿಲ್ಲ.

14 ಜುಲೈ

ಮೇಲಿನದನ್ನು ನಿನ್ನೆ ಬರೆದೆ. ಹರಿದು ಹಾಕೋಣ ಅಂದುಕೊಂಡೆ. ನನ್ನ ಬುದ್ಧಿ ಎಂಥದ್ದು ಅಂತ ನಿನಗೂ ಗೊತ್ತಿರಲಿ ಅಂತ ಹಾಗೇ ಬಿಟ್ಟಿದ್ದೇನೆ.

ಸಾಕಮ್ಮ ಕೇಳಿದ್ದೇ ಸರಿ. ಓದು ಬಂದವರು ಶಾಲೆಯ ಬಗ್ಗೆ ಯೋಚಿಸಿ ಓಟು ಹಾಕುತ್ತಾರೆ ಅಂತ ನಾನು ನಂಬಿದ್ದೆ. ಅವರು ತಮ್ಮ ಬಗ್ಗೆ ಯೋಚಿಸಿ ಹಾಕುತ್ತಾರೆ, ಎಲ್ಲರ ಹಾಗೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಿರಲಿಲ್ಲ ಅಂದರೆ ನಾಚಿಕೆಯಾಗುತ್ತದೆ.

27ಕ್ಕೆ ದೆಹಲಿಯಲ್ಲಿ ಸಭೆ ಇದೆ, ತಪ್ಪಿಸಲು ಆಗುವುದಿಲ್ಲ. ನೀನು ಬೈಯುತ್ತೀಯ, ಬೈ. ಇದರ ಜೊತೆ ನಟರಾಜುವಿಗೆ ನನ್ನ ಕೈಬರಹದಲ್ಲೇ ಒಂದು ಕಾಗದ ಇಟ್ಟಿದ್ದೇನೆ. ನಾನು ಬರೆದದ್ದು ವಾದ, ಕಾನೂನಲ್ಲ, ದಯವಿಟ್ಟು ಎಲ್ಲರಿಗೂ ಓಟು ಕೊಡಿ ಅಂತ ಸ್ಪಷ್ಟವಾಗಿ ಹೇಳಿದ್ದೇನೆ. ಕೊಟ್ಟುಬಿಡು.

ಶಂಕರ


ಸರಗೂರು
28 ಜುಲೈ 2024, ಭಾನುವಾರ

ಶಂಕರ,

ಕಾಫಿ ಆರುತ್ತಿದೆ, ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗುತ್ತಿಲ್ಲ. ನಿನ್ನ ಭಾವ, "ಮೊದಲು ಕಾಫಿ ಕುಡಿ, ಆಮೇಲೆ ಬರಿ" ಅನ್ನುತ್ತಿದ್ದಾರೆ. ಆಗುವುದಿಲ್ಲ.

ಮೊದಲು ನಿನ್ನ ಕಾಗದದ ಗತಿ ಕೇಳು. ನಟರಾಜು ಎರಡು ಸಲ ಓದಿ ಕಣ್ಣಿಗೊತ್ತಿಕೊಂಡ. "ದೊಡ್ಡೋರು ಇಂಗೇ ಮೇಡಮ್ಮೋರೆ. ತಾವು ಏಳಿದ್ದೇ ಸರಿ ಅಂತ ಯಾವತ್ತೂ ಅನ್ನಲ್ಲ" ಅಂದ. ನೀನು ಬೇಡ ಅಂದಷ್ಟೂ ಅವನಿಗೆ ನಿನ್ನ ಮೇಲೆ ಗೌರವ ಹೆಚ್ಚಿತು. ಅಷ್ಟಕ್ಕೆ ಬಿಡಲಿಲ್ಲ. ಅಚ್ಚು ಓದುವುದು ಸುಲಭ, ಕೈಬರಹ ಓದಿದವರೇ ನಿಜವಾದ ಪಾಸು ಅಂತ ನಿನ್ನ ಆ ಕಾಗದವನ್ನೇ ಎಲ್ಲರ ಮುಂದೆ ಹಿಡಿದ. ಹತ್ತೊಂಬತ್ತರಲ್ಲಿ ಐದು ಜನ ಉದುರಿದರು. ನಿನ್ನ ಕೈಬರಹ ಮೊದಲೂ ಹೀಗೇ ಇತ್ತು, ಅಪ್ಪ ಎಷ್ಟು ಹೊಡೆದರೂ ತಿದ್ದಲಿಲ್ಲ.

ನಾನು ಆಸೆ ಬಿಟ್ಟಿದ್ದೆ. ನಿನ್ನೆ ಬೆಳಿಗ್ಗೆ ಬಸ್ಸಿಳಿದು ಶಾಲೆಗೆ ನಡೆಯುವಾಗ ಶುಂಠಿ ಹೊಲದ ಜೀಪು ಎದುರಿಗೆ ಬಂತು. ಖಾಲಿ. ಡ್ರೈವರ್ ನನ್ನನ್ನು ನೋಡಿ, "ಒಬ್ರೂ ಅತ್ಲಿಲ್ಲ ಮೇಡಂ, ಇವತ್ತು ಏನು?" ಅಂದ. ಹೋಗಿ ನೋಡುತ್ತೇನೆ, ಶಾಲೆಯ ಜಗಲಿಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು. ಕೂಲಿ ಬಿಟ್ಟು, ತಲೆ ಬಾಚಿಕೊಂಡು, ಹಬ್ಬದ ಸೀರೆ ಉಟ್ಟು ಬಂದು ಕೂತಿದ್ದಾರೆ.

ಇಲಾಖೆಯಿಂದ ಒಬ್ಬರು ಬಂದಿದ್ದರು. ನಟರಾಜು ಪಟ್ಟಿ ಹಿಡಿದು ಎದ್ದ. ಬಾಯಿ ತೆರೆಯುವ ಮೊದಲೇ ಸಾಕಮ್ಮ ಎದ್ದಳು.

"ಓದೋರ್ದು ಪರೀಕ್ಷೆ ಆಯ್ತು, ನಾವು ಪೇಲಾದೋ, ಒಪ್ಕೊಂಡೋ. ಈಗ ನಮ್ದೂ ಒಂದ್ ಪರೀಕ್ಷೆ ಐತೆ. ಬಾಯ್ ಮಾತಿಂದು. ಪೆನ್ನು ಬ್ಯಾಡ."

"ಇದೇನ್ ತಮಾಸೆ ಕಣಕ್ಕ" ಅಂದ ನಟರಾಜು.

"ಎಲ್ರುಗೂ ಒಂದೇ ರೂಲ್ಸು ಅಂದಿದ್ದು ನೀನೇ ಅಲ್ವಾ ಅಣ್ಣ?"

ಇಲಾಖೆಯವರು ನನ್ನ ಮುಖ ನೋಡಿದರು. ನಾನು ಕಮಾನು ನೋಡಿದೆ.

ಮೊದಲ ಪ್ರಶ್ನೆ ನಟರಾಜುವಿಗೇ. ನಿನ್ನ ಮಗಳು ಎಷ್ಟನೇ ಕ್ಲಾಸು? "ಮಧುಶ್ರೀನಾ? ಮೂರ್ನೇ ಕ್ಲಾಸು" ಅಂದ, ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ. ಕಿಟಕಿಯ ಸರಳಿನ ಆಚೆ ಮಕ್ಕಳೆಲ್ಲ ಮುಖ ಒತ್ತಿಕೊಂಡು ನಿಂತಿದ್ದವು. ಅಲ್ಲಿಂದ ಸಣ್ಣ ದನಿ ಬಂತು, "ಅಪ್ಪಾ, ನಾನು ನಾಕು."

ಶಂಕರ, ನಾನು ಮುಖ್ಯ ಶಿಕ್ಷಕಿ, ನಗಬಾರದು. ಸೆರಗು ಬಾಯಿಗೆ ತುರುಕಿಕೊಂಡೆ.

ಆಮೇಲೆ ಒಬ್ಬೊಬ್ಬ ಹೆಂಗಸೂ ಒಂದೊಂದು ಕೇಳಿದಳು. ನಿನ್ನ ಮಗ ಶಾಲೆಯಲ್ಲಿ ಮೊಟ್ಟೆ ತಿನ್ನುತ್ತಾನೋ ಬಾಳೆಹಣ್ಣು ತೆಗೆದುಕೊಳ್ಳುತ್ತಾನೋ? ಹೋದ ತಿಂಗಳು ಎಷ್ಟು ದಿನ ಶಾಲೆ ತಪ್ಪಿಸಿದ? ಲೆಕ್ಕ ಹೇಳಿಕೊಡುವ ಮೇಷ್ಟರ ಹೆಸರೇನು? ಪಕ್ಕದಲ್ಲಿ ಯಾರು ಕೂರುತ್ತಾರೆ? ಬೂಟು ಕಾಲಿಗೆ ಹಿಡಿಯುತ್ತದೋ ಇಲ್ಲವೋ? ಮಳೆ ಬಂದರೆ ಯಾರ ಜೊತೆ ತೊರೆ ದಾಟುತ್ತಾನೆ? ನಂಜಣ್ಣ ಮೊಟ್ಟೆ ಅಂದ, ಅವನ ಮಗ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವನಲ್ಲ. ಇನ್ನೊಬ್ಬ ಲೆಕ್ಕದ ಮೇಷ್ಟರು ಅಂತ ಹೇಳಿದ ಹೆಸರು ಆರು ವರ್ಷದ ಹಿಂದೆ ವರ್ಗವಾದವರದ್ದು. ಓದಿನಲ್ಲಿ ಪಾಸಾಗಿದ್ದ ಹದಿನಾಲ್ಕು ಗಂಡಸರಲ್ಲಿ ಮೂವರು ಪಾಸು. ಕೇಳಿದವರು ಉತ್ತರ ಗೊತ್ತಿಲ್ಲದೆ ಕೇಳಿದ್ದಲ್ಲ, ಊರಿನ ಅರವತ್ತೊಂದು ಮಕ್ಕಳ ಉತ್ತರವೂ ಅವರ ಬಾಯಲ್ಲೇ ಇತ್ತು.

ನಟರಾಜು ದೊಡ್ಡವನು ಕಣೋ. ಅವನೇ ಎದ್ದು ಪಟ್ಟಿ ಮಡಿಸಿ ಜೇಬಿಗಿಟ್ಟು, "ಬುಡಿ, ಎಲ್ರೂ ಕೈ ಎತ್ತಿ, ಮುಗೀಲಿ" ಅಂದ. ನನ್ನ ಮೂವತ್ತೊಂದು ವರ್ಷದಲ್ಲಿ ತೊರೆಹುಂಡಿಯಲ್ಲಿ ನಿಜವಾದ ಚುನಾವಣೆ ಆದದ್ದು ನಿನ್ನೆಯೇ. ಮನೆಗೊಂದು ಕೈಯಂತೆ ಸಾಕಮ್ಮನಿಗೆ ಮೂವತ್ತೊಂದು, ನಟರಾಜುವಿಗೆ ಹದಿಮೂರು. ಅವಳೇ ಅಧ್ಯಕ್ಷೆ, ಅವನೂ ಸಮಿತಿಯಲ್ಲಿ ಸದಸ್ಯ. ಶಾಲೆ ಸೇರಿಸುವ ಕಾಗದಕ್ಕೆ ಒಪ್ಪಿಗೆ ಇಲ್ಲ ಅಂತ ಅಲ್ಲೇ ಬರೆದು, ಸಾಕಮ್ಮ ಹೆಬ್ಬೆಟ್ಟು ಒತ್ತಿದಳು. ಶಾಲೆ ಉಳಿಯಿತು.

ನಿನ್ನ ಅರ್ಥಶಾಸ್ತ್ರ ಕಟ್ಟಿಡು. ದಸರಾಕ್ಕೆ ಬಾ, ಒಬ್ಬಟ್ಟು ಮಾಡುತ್ತೇನೆ.

ಗೆದ್ದ ಅಕ್ಕ,
ಮಂಗಳ


ಪುಣೆ
6 ಆಗಸ್ಟ್ 2024

ಗೆದ್ದ ಅಕ್ಕನಿಗೆ ಸೋತ ತಮ್ಮನ ನಮಸ್ಕಾರ.

ಕಾಗದವನ್ನು ನನ್ನ ಕೋಣೆಯಲ್ಲಿ ಜೋರಾಗಿ ಓದಿದೆ, ಒಬ್ಬನೇ ನಕ್ಕೆ. "ಅಪ್ಪಾ, ನಾನು ನಾಕು" ಅನ್ನುವ ಜಾಗದಲ್ಲಿ ಕಣ್ಣಲ್ಲಿ ನೀರು ಬಂತು. ನನ್ನ ಮಗ ಯಾವ ಸೆಮಿಸ್ಟರ್ ಅಂತ ಯಾರಾದರೂ ಕೇಳಿದ್ದರೆ ನಾನೂ ತಪ್ಪು ಹೇಳುತ್ತಿದ್ದೆ. ಓಟಿನ ವಿಷಯದಲ್ಲಿ ನಾನು ಬರೆದದ್ದು ತಪ್ಪು, ಅದನ್ನು ಪತ್ರಿಕೆಗೂ ಬರೆದು ಕಳಿಸಿದ್ದೇನೆ. ಮುಂದಿನ ವಾರ ಬರಬಹುದು. ನಟರಾಜು ಅದನ್ನೂ ಗೋಡೆಗೆ ಹೊಡೆಯಲಿ.

ಆದರೆ ಒಂದು ಮಾತು ಉಳಿದಿದೆ. ಹೇಳದಿದ್ದರೆ ನಾನು ನಿನ್ನ ತಮ್ಮನಲ್ಲ.

ನಿಮ್ಮ ಹೆಂಗಸರ ಪ್ರಶ್ನೆಗಳನ್ನು ಮತ್ತೆ ಮತ್ತೆ ಓದಿದೆ. ಮೊಟ್ಟೆ, ಬೂಟು, ತೊರೆ, ಮೇಷ್ಟರ ಹೆಸರು. ಎಲ್ಲ ಒಳ್ಳೆಯ ಪ್ರಶ್ನೆಗಳೇ. ನಿನ್ನ ಮಗುವಿಗೆ ಓದಲು ಬರುತ್ತದೋ ಅಂತ ಮಾತ್ರ ಒಬ್ಬಳೂ ಕೇಳಲಿಲ್ಲ. ಶಾಲೆಯಲ್ಲಿ ನನ್ನ ಜೊತೆ ಬೆಂಚಿನಲ್ಲಿ ಕೂತಿದ್ದ ಕೆಂಪಯ್ಯ ನೆನಪಿದ್ದಾನಾ? ಏಳನೇ ತರಗತಿ ಪಾಸು. ಮೂರು ವರ್ಷದ ಹಿಂದೆ ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ನನ್ನನ್ನು ಗುರುತಿಸದೆಯೇ, "ಸಾ, ಇದು ಸರಗೂರ್ ಬಸ್ಸಾ?" ಅಂತ ಕೇಳಿದ. ಬೋರ್ಡು ಅವನ ಮುಂದೆಯೇ ಇತ್ತು. ನಾನು ಹೌದು ಅಂದೆ, ನಾನು ಶಂಕರ ಅಂತ ಹೇಳಲು ಬಾಯಿ ಬರಲಿಲ್ಲ. ಆ ಲೇಖನ ನಾನು ಬರೆದದ್ದು ಅವನಿಂದಾಗಿ.

ಶಾಲೆ ಉಳಿಸಿದಿರಿ. ಅಕ್ಕ, ನಿನ್ನ ಐದನೇ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ?

ಶಂಕರ


ಸರಗೂರು
25 ಆಗಸ್ಟ್ 2024, ಭಾನುವಾರ

ಶಂಕರ,

ಎರಡು ವಾರಕ್ಕೂ ಹೆಚ್ಚು ಕಾಲ ಉತ್ತರ ಬರೆಯಲಿಲ್ಲ. ನಿನ್ನ ಕಾಗದ ಓದಿದ ದಿನ ಎಷ್ಟು ಸಿಟ್ಟು ಬಂತೆಂದರೆ ಅಡುಗೆಯನ್ನೂ ಮಾಡಲಿಲ್ಲ. ಗೆದ್ದವರ ಮನೆಗೆ ಬಂದು ಊಟದ ಎಲೆಯಲ್ಲಿ ಕಲ್ಲು ಹುಡುಕುವವನು ನೀನು ಅಂತ ನಿನ್ನ ಭಾವನಿಗೆ ಹೇಳಿದೆ. ಅವರು ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದರು.

ಮೊನ್ನೆ ಶುಕ್ರವಾರ ಹೊಸ ಸಮಿತಿಯ ಮೊದಲ ಸಭೆ. ನಿನ್ನ ಕಾಗದ ತೆಗೆದುಕೊಂಡು ಹೋದೆ. ಯಾಕೆ ಅಂತ ನಿಜ ಹೇಳುತ್ತೇನೆ. ಅವರೆಲ್ಲರ ಮುಂದೆ ಓದಿ, ನೋಡಿ ನಿಮ್ಮ ಪ್ರೊಫೆಸರು ನಿಮ್ಮ ಬಗ್ಗೆ ಏನು ಬರೆದಿದ್ದಾನೆ, ನಿಮಗೆ ಕೇಳಲು ಬರಲಿಲ್ಲವಂತೆ ಅಂತ ಎತ್ತಿಕಟ್ಟಬೇಕು ಅಂತಿದ್ದೆ. ಸಾಕಮ್ಮ ನಾಲ್ಕು ಮಾತು ಬೈದರೆ ಅದನ್ನೇ ನಿನಗೆ ಬರೆದು ಕಳಿಸೋಣ ಅಂತ.

ಓದಿದೆ. ಕೊನೆಯ ಸಾಲಿನವರೆಗೆ ಓದಿದೆ. ಯಾರೂ ಬೈಯಲಿಲ್ಲ. ನಟರಾಜು ತಲೆ ತಗ್ಗಿಸಿದ. ಸಾಕಮ್ಮ ನನ್ನ ಕೈಯಲ್ಲಿದ್ದ ಕಾಗದ ತೋರಿಸಿ ಕೇಳಿದಳು.

"ಎಷ್ಟ್ ಮಕ್ಕಳಿಗೆ ಬತ್ತದೆ ಮೇಡಮ್ಮೋರೆ?"

ಅದನ್ನು ನಾನೇ ಓದಿದ್ದು, ನನಗೇ ಕೇಳುತ್ತಾರೆ ಅಂತ ಹೊಳೆದಿರಲಿಲ್ಲ ನೋಡು. ಹನ್ನೊಂದು ಮಕ್ಕಳು ಐದನೇ ತರಗತಿಯಲ್ಲಿ. "ಐದು ಮಕ್ಕಳಿಗೆ ಚೆನ್ನಾಗಿ ಬರುತ್ತೆ" ಅಂದೆ.

"ನಮ್ ಚಿನ್ನುಗೆ?"

ಸುಳ್ಳು ಹೇಳಬಹುದಿತ್ತು. ಅವಳು ಪರೀಕ್ಷಿಸಿ ನೋಡಲಾರಳು. ಅದೇ ನೀನು ಬರೆದಿದ್ದು, ಅದೇ ಇಷ್ಟು ವರ್ಷ ನಾನು ಮಾಡಿಕೊಂಡು ಬಂದದ್ದು. "ಬರಲ್ಲ ಸಾಕಮ್ಮ" ಅಂದೆ.

"ಓದ್ತಾಳಲ್ಲ ಮನೇಲಿ? ದಿನಾ ಪುಸ್ತಕ ಇಡ್ಕೊಂಡು ಗಟ್ಟಿಯಾಗಿ ಓದ್ತಾಳೆ."

"ಪಾಠ ಕೇಳಿ ಕೇಳಿ ಬಾಯಿಪಾಠ ಆಗಿದೆ. ಬೇರೆ ಪುಟ ತೆಗೆದರೆ ಓದಲ್ಲ."

"ಕಾರ್ಡ್‌ನಲ್ಲಿ ಚೆನ್ನಾಗವ್ಳೆ ಅಂತ ಬರ್ದಿದ್ರಂತೆ? ನಟರಾಜಣ್ಣನೇ ಓದಿ ಏಳಿದ್ದ."

ಹೌದು, ಬರೆದಿದ್ದೆ. ನಾಲ್ಕು ವರ್ಷವೂ 'ಬಿ' ಅಂತ ಬರೆದಿದ್ದೆ. ಯಾರನ್ನೂ ಫೇಲ್ ಮಾಡುವಂತಿಲ್ಲ ಅಂತ ಇಲಾಖೆಯ ನಿಯಮ, ಮೂವರೇ ಶಿಕ್ಷಕರು, ಜನಗಣತಿಯಿಂದ ಹಿಡಿದು ಮೊಟ್ಟೆ ಲೆಕ್ಕದವರೆಗೆ ನಮ್ಮದೇ ತಲೆ, ಎಲ್ಲ ನಿಜ. ಆದರೆ 'ಬಿ' ಅಂತ ಬರೆ ಅಂತ ನನ್ನ ಕೈ ಹಿಡಿದು ಯಾರೂ ಬರೆಸಲಿಲ್ಲ. ನಾನೇ ಬರೆದೆ. ಅವಳಿಗೆ ಓದಲು ಬರುವುದಿಲ್ಲ ಅಂತ ನನಗೆ ಎರಡನೇ ತರಗತಿಯಿಂದ ಗೊತ್ತಿತ್ತು ಶಂಕರ. ಇದನ್ನು ಯಾರಿಗೂ ಹೇಳಿರಲಿಲ್ಲ. ಕೆಂಪಯ್ಯನಿಗೂ ಯಾರೋ ಒಬ್ಬರು ಹೀಗೇ ಬರೆದಿರುತ್ತಾರೆ.

ಅವಳು ಕೂಗಾಡುತ್ತಾಳೆ ಅಂದುಕೊಂಡೆ. ನನ್ನನ್ನು ನಂಬಿ ಮೂವತ್ತೊಂದು ಕೈ ಎತ್ತಿಸಿಕೊಂಡು ಶಾಲೆ ಉಳಿಸಿದವಳು. ಕೂಗಾಡಿದ್ದರೆ ಸಹಿಸಬಹುದಿತ್ತು. ಅವಳು ಒಂದೇ ಮಾತು ಕೇಳಿದಳು.

"ಯಾವತ್ತಿಗೆ ಬತ್ತದೆ?"

ನನಗೆ ಅರ್ಥವಾಗಲಿಲ್ಲ. "ಏನು?" ಅಂದೆ.

"ತಾರೀಕು ಏಳಿ. ಶುಂಠಿ ಹೊಲದ ಸಾವ್ಕಾರ್ರೂ ಯಾವತ್ತಿಗ್ ಮುಗೀತದೆ ಅಂತ ಕೇಳ್ತಾರೆ, ನಾವು ಏಳ್ತೀವಿ. ಏಳಿದ್ ಮೇಲೆ ಮುಗಿಸ್ತೀವಿ. ನೀವೂ ಏಳಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಉಳಿದ ಆರು ಮಕ್ಕಳ ಮುಖ ಒಂದೊಂದಾಗಿ ಲೆಕ್ಕ ಹಾಕಿದೆ. ನವೆಂಬರ್ ಒಂದು ಅಂದೆ. ನಟರಾಜು ನಡಾವಳಿ ಪುಸ್ತಕದಲ್ಲಿ ಬರೆದ, ಐದನೇ ತರಗತಿಯ ಆರು ಮಕ್ಕಳಿಗೆ ಮುಖ್ಯ ಶಿಕ್ಷಕಿಯವರು ನವೆಂಬರ್ ಒಂದರೊಳಗೆ ಓದು ಕಲಿಸತಕ್ಕದ್ದು, ಆ ದಿನ ಗೊತ್ತಿಲ್ಲದ ಪುಟ ತೆಗೆದು ಊರವರ ಮುಂದೆ ಓದಿಸತಕ್ಕದ್ದು. ಕೆಳಗೆ ಸಾಕಮ್ಮನ ಹೆಬ್ಬೆಟ್ಟು. ಅದರ ಪಕ್ಕ ನನ್ನ ಸಹಿ.

ಮನೆಗೆ ಬರುವ ನಾಲ್ಕೂಕಾಲಿನ ಬಸ್ಸು ಇನ್ನು ನನಗಿಲ್ಲ. ಶುಕ್ರವಾರವೇ ಶುರು ಮಾಡಿದೆ, ನಿನ್ನೆಯೂ ಕೂತೆ. ಆರು ಮಕ್ಕಳು, ಒಂದು ಚಾಪೆ, ಬಳಪ. ಚಿನ್ನು 'ರ' ಮತ್ತು 'ಠ' ಬೇರೆ ಮಾಡಲು ಬಾರದೆ ನನ್ನ ಮುಖ ನೋಡಿ ನಕ್ಕಳು, ಇಷ್ಟು ವರ್ಷ ಆ ನಗುವಿನಿಂದಲೇ ನನ್ನಿಂದ ತಪ್ಪಿಸಿಕೊಂಡಿದ್ದಾಳೆ. ಈ ಸಲ ಬಿಡಲಿಲ್ಲ. ಐವತ್ತೊಂಬತ್ತನೇ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ಮೊದಲ ವಾರದ ಹಾಗೆ ನಿದ್ದೆಯಲ್ಲೂ ಪಾಠ ಮಾಡುತ್ತಿದ್ದೇನೆ.

ಮೂವತ್ತೊಂದು ವರ್ಷದಲ್ಲಿ ಎಷ್ಟೋ ಜನ ಶಾಲೆಗೆ ಬಂದು ಎಷ್ಟೋ ಕೇಳಿದ್ದಾರೆ. ಹಾಜರಿ ಎಷ್ಟು, ಅಕ್ಕಿ ಎಷ್ಟು, ಶೌಚಾಲಯಕ್ಕೆ ಬಾಗಿಲಿದೆಯೋ ಇಲ್ಲವೋ. ನೀನೂ ಎಷ್ಟು ಮಕ್ಕಳು ಅಂತಲೇ ಕೇಳಿದೆ. ಯಾವತ್ತಿಗೆ ಅಂತ ನನ್ನನ್ನು ಕೇಳಿದವಳು ಅವಳೊಬ್ಬಳೇ.

ನಿನ್ನ ಅಕ್ಕ,
ಮಂಗಳ